ಹೊಸಕೋಟೆಗೆ ಬಂದ ಮಂಜಿನ ದಿಂಡುಗಳು

ನಮ್ಮ ಬಳಗದಲ್ಲಿ ಐಸು ಕಾಯುವವರು ಇಬ್ಬರಿದ್ದೆವು. ಒಬ್ಬರು ನನ್ನ ಸೋದರಮಾವ. ಹೊಸಕೋಟೆಯಲ್ಲಿ ಮದ್ರಾಸು ರಸ್ತೆಯ ಪಕ್ಕ ಅವರದೊಂದು ಐಸ್ ಫ್ಯಾಕ್ಟರಿ ಇತ್ತು. ಇನ್ನೊಬ್ಬಳು ನಾನು. ಸಮೇತನಹಳ್ಳಿಯಿಂದ ದಿನಾ ಹೊಸಕೋಟೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ಒಂದು ವಿಜ್ಞಾನ ಸಂಸ್ಥೆಯ ಶೀತಲ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದವಳು. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಊರಿನಲ್ಲಿ ಕಂಡವರೆಲ್ಲ, "ಏನವ್ವಾ, ಬಿ.ಎಸ್ಸಿ ಓದ್ಬಿಟ್ಟು ಐಸ್ ಕಾಯಕ್ಕೆ ಹೋಗ್ತೀಯಂತೆ? ನಿಮ್ಮಾವ ಏನೂ ಓದ್ದೇನೇ ಅದೇ ಕೆಲ್ಸ ಮಾಡ್ತಾನಲ್ಲ!" ಎಂದು ನನ್ನ ಕಾಲೆಳೆಯುತ್ತಿದ್ದರು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಉತ್ತರ ಕೊಡದೆ ಬಸ್ಸು ಹತ್ತಿದ್ದು ಕಡಿಮೆ.

ನಾನು ಕಾಯುತ್ತಿದ್ದುದು ಮಾವನ ಐಸಿನಂಥದ್ದಲ್ಲ. ಹಿಮಾಲಯದ ಒಂದು ಹಿಮನದಿಯಲ್ಲಿ ಕೈಯಿಂದ ತಿರುಗಿಸುವ ಕೊರೆಯುವ ಸಲಕರಣೆ ಇಳಿಸಿ, ಉದ್ದಕ್ಕೆ ಹೊರತೆಗೆದ ಮಂಜುಗಡ್ಡೆ ಅದು. ಗುಂಡಗೆ, ನೀಳವಾಗಿ, ಬಾಳೆದಿಂಡಿನ ಹಾಗೆ ಇರುತ್ತಿದ್ದುದರಿಂದ ನಾವು ದಿಂಡು ಎಂದೇ ಕರೆಯುತ್ತಿದ್ದೆವು. ವರ್ಷ ವರ್ಷ ಬಿದ್ದ ಹಿಮ ಒಂದರ ಮೇಲೊಂದು ಕೂತು ಗಟ್ಟಿಯಾಗಿರುತ್ತದೆ. ಮೇಲಿನದು ಹೊಸತು, ಕೆಳಗಿಳಿದಷ್ಟೂ ಹಳೆಯದು. ಆಯಾ ಕಾಲದ ಧೂಳು, ಮಳೆಗಾಲದ ಗಾಳಿ ಸಮುದ್ರದಿಂದ ಹೊತ್ತು ತಂದ ಒಂದಿಷ್ಟು ಉಪ್ಪು, ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಅಂದಿನ ಗಾಳಿ, ಎಲ್ಲವೂ ಅದರೊಳಗೇ ಇರುತ್ತವೆ. ಬೇರೆಯವರು ಮಂಜನ್ನು ಅಲ್ಲೇ ಕರಗಿಸಿ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಅದು ಸುಲಭ. ಆದರೆ ಕರಗಿಸಿದರೆ ಗುಳ್ಳೆಯ ಗಾಳಿ ಹೋಯಿತು. ನಮ್ಮ ಮೇಡಂ ಅದಕ್ಕೆ ಒಪ್ಪಲಿಲ್ಲ. ಇಡಿಯ ದಿಂಡುಗಳನ್ನೇ ಪೆಟ್ಟಿಗೆಯಲ್ಲಿಟ್ಟು ವಿಮಾನದಲ್ಲಿ ಬೆಂಗಳೂರಿಗೆ ತಂದರು.

ಮೇಡಂ ಎಂದರೆ ನಮ್ಮ ವಿಭಾಗದ ವಿಜ್ಞಾನಿ. ಮಾತು ಕಡಿಮೆ, ಹಟ ಜಾಸ್ತಿ. ಆ ಹಿಮನದಿಯ ಮೇಲೆ ಡೇರೆ ಹಾಕಿಕೊಂಡು ಇದ್ದು, ಕಾಲ್ಬೆರಳಿನ ಚರ್ಮ ಕಪ್ಪಗಾಗಿ, ವಾಪಸು ಬಂದ ಮೇಲೆ ಬಹಳ ದಿನ ಕುಂಟುತ್ತಿದ್ದರು. ಅವರದೊಂದು ನಿಯಮವಿತ್ತು. ಪ್ರತಿ ದಿಂಡನ್ನೂ ಉದ್ದಕ್ಕೆ ಸೀಳಿ ಅರ್ಧವನ್ನು ಮಾತ್ರ ತಾವು ಪರೀಕ್ಷೆಗೆ ತೆಗೆದುಕೊಳ್ಳುತ್ತಿದ್ದರು. ಇನ್ನರ್ಧ ಬೇರೆಯವರಿಗೆ. "ನಮ್ಮ ಹತ್ತಿರ ಇರೋ ಯಂತ್ರಕ್ಕಿಂತ ಒಳ್ಳೇದು ಇನ್ನೊಬ್ಬರ ಹತ್ತಿರ ಇರುತ್ತೆ. ನಮಗೆ ತೋಚದ ಪ್ರಶ್ನೆ ಅವರಿಗೆ ತೋಚುತ್ತೆ. ನಾನು ಹೇಳಿದ್ದು ಸುಳ್ಳು ಅಂತ ತೋರಿಸೋಕಾದ್ರೂ ಅವರಿಗೆ ಮಂಜು ಬೇಕಲ್ಲ" ಎನ್ನುತ್ತಿದ್ದರು. ಯಾವ ಊರಿನ ವಿಜ್ಞಾನಿ ಕೇಳಿದರೂ ತುಂಡು ಕತ್ತರಿಸಿ ಕಳಿಸಬೇಕು, ಅಲ್ಲಿಯವರೆಗೆ ಒಂದು ಹನಿ ಕರಗದಂತೆ ನೋಡಿಕೊಳ್ಳಬೇಕು. ಅದು ನನ್ನ ಕೆಲಸ. ಸಂಸ್ಥೆಯಲ್ಲಿ ಕೆಲವರಿಗೆ ಇದು ಹುಚ್ಚು ಎನಿಸುತ್ತಿತ್ತು. ನನಗೆ ಹೆಮ್ಮೆ ಎನಿಸುತ್ತಿತ್ತು.

ಆ ಬೇಸಿಗೆಯಲ್ಲಿ ಕರೆಂಟಿನ ಕಾಟ ಹೇಳತೀರದು. ಬರುತ್ತಿತ್ತು, ಹೋಗುತ್ತಿತ್ತು, ಬಂದರೂ ದೀಪ ಮಿಣಮಿಣ ಎನ್ನುತ್ತಿತ್ತು. ಕೊನೆಗೊಂದು ದಿನ ನಮ್ಮ ಶೀತಲ ಕೋಣೆಯ ಯಂತ್ರ ಸುಟ್ಟೇಹೋಯಿತು. ಬಿಡಿಭಾಗ ಬೊಂಬಾಯಿಯಿಂದ ಬರಬೇಕು ಎಂದರು. ಮೇಡಂ ತಮ್ಮ ಪಾಲಿನ ಅರ್ಧವನ್ನು ಆಗಲೇ ಬಳಸಿಯಾಗಿತ್ತು. ಕೋಣೆಯಲ್ಲಿ ಉಳಿದಿದ್ದುದು ಬೇರೆಯವರಿಗೆಂದು ಎತ್ತಿಟ್ಟ ಅರ್ಧ. ಅದು ಕರಗಿದರೆ ಮೇಡಂ ಬರೆದದ್ದನ್ನು ಇನ್ನು ಯಾರೂ ಒರೆಗೆ ಹಚ್ಚಿ ನೋಡುವಂತಿಲ್ಲ. "ಇವರೊಬ್ಬರ ಮಾತು, ನಂಬಿದರೆ ನಂಬಿ" ಎಂಬಲ್ಲಿಗೆ ಎಲ್ಲ ಮುಗಿದಂತೆ. ಅಷ್ಟು ಕಷ್ಟಪಟ್ಟು ತಂದವರು ಯಂತ್ರದ ಮುಂದೆ ಸುಮ್ಮನೆ ನಿಂತಿದ್ದರು. ನನಗೆ ನೋಡಲಾಗಲಿಲ್ಲ.

"ಮೇಡಂ, ನಮ್ಮ ಮಾವನ ಐಸ್ ಫ್ಯಾಕ್ಟರಿ ಇದೆ. ಅವರದು ಡೀಸೆಲ್ ಎಂಜಿನ್, ಕರೆಂಟಿನ ಹಂಗಿಲ್ಲ" ಎಂದುಬಿಟ್ಟೆ.

ಜೀಪಿನಲ್ಲಿ ದೊಡ್ಡ ಮರದ ಪೆಟ್ಟಿಗೆ ಇಟ್ಟುಕೊಂಡು ಹೊಸಕೋಟೆಗೆ ಹೋದೆವು. ಮಾವ ಪಂಚೆ ಸರಿಮಾಡಿಕೊಂಡು, ಹೆಗಲಿನ ಟವೆಲ್ ಕೊಡವಿ, ಗಂಡಿನ ಕಡೆಯವರನ್ನು ಎದುರುಗೊಳ್ಳುವಂತೆ ಬಾಗಿಲಲ್ಲಿ ನಿಂತಿದ್ದರು. ಅವರ ಫ್ಯಾಕ್ಟರಿಯಲ್ಲಿ ನೆಲದಡಿ ಉಪ್ಪುನೀರಿನ ತೊಟ್ಟಿ. ಆ ನೀರು ಮಂಜಿಗಿಂತ ತಣ್ಣಗಿರುತ್ತದೆ, ಆದರೂ ಹೆಪ್ಪುಗಟ್ಟುವುದಿಲ್ಲ. ಅದರಲ್ಲಿ ತಗಡಿನ ಡಬ್ಬಗಳನ್ನು ಇಳಿಬಿಟ್ಟರೆ ಒಳಗಿನ ಸಿಹಿನೀರು ಐಸಾಗುತ್ತದೆ. ಮದ್ರಾಸಿನಿಂದ ಮೀನು ತರುವ ಲಾರಿಗಳು, ಐಸ್ ಕ್ಯಾಂಡಿ ಗಾಡಿಯವರು, ಮದುವೆ ಮನೆಯವರು ಬಂದು ಒಯ್ಯುತ್ತಿದ್ದರು. ಪಕ್ಕದಲ್ಲಿ, ತಯಾರಾದ ಐಸನ್ನು ಭತ್ತದ ಹೊಟ್ಟಿನಲ್ಲಿ ಮುಚ್ಚಿಡುವ ಒಂದು ಕತ್ತಲೆ ಕೋಣೆ.

ಪೆಟ್ಟಿಗೆ ತೊಟ್ಟಿಗೆ ಇಳಿಯುವ ಅಳತೆಯದಲ್ಲ. ಅದನ್ನು ಕತ್ತಲೆ ಕೋಣೆಯ ನಡುವೆ ಇಟ್ಟು, ಸುತ್ತಲೂ ತೊಟ್ಟಿಯಿಂದ ಆಗತಾನೇ ತೆಗೆದ ಐಸನ್ನು ಗೋಡೆಯಂತೆ ಪೇರಿಸಿ, ಬೆಳಿಗ್ಗೆ ಸಂಜೆ ಬದಲಾಯಿಸುತ್ತಿರಬೇಕು ಎಂದು ತೀರ್ಮಾನವಾಯಿತು. ಪೆಟ್ಟಿಗೆಯ ಮುಚ್ಚಳದಲ್ಲಿ ಥರ್ಮಾಮೀಟರ್ ಸಿಕ್ಕಿಸಿತ್ತು. ಪಾದರಸ ಎಲ್ಲಿಯವರೆಗೆ ಇದ್ದರೆ ಕ್ಷೇಮ ಎಂದು ಮೇಡಂ ಕೆಂಪು ಗೆರೆ ಎಳೆದು ತೋರಿಸಿದರು. ಮುಚ್ಚಳ ತೆಗೆಯಬಾರದು ಎಂದೂ ಹೇಳಿದರು.

ಇಷ್ಟೆಲ್ಲ ಜೋಪಾನ ಯಾರಿಗೋಸ್ಕರ ಎಂದು ಮಾವ ಕೇಳಿದರು. ಮೇಡಂ ವಿವರಿಸಿದರು. ಮಾವನಿಗೆ ಅದು ತಕ್ಷಣ ಹಿಡಿಸಿತು.

"ಅಂದ್ರೆ ಬಿತ್ತನೆ ರಾಗಿ ಇದ್ದಂಗೆ ಅನ್ನಿ. ಮನೇಲಿ ಎಷ್ಟೇ ಕಷ್ಟ ಇದ್ರೂ ಅದನ್ನ ಮುಟ್ಟಂಗಿಲ್ಲ. ನೀವು ಧೈರ್ಯವಾಗಿ ಹೋಗ್ಬನ್ನಿ ಅಮ್ಮಾ."

ಹೊರಡುವಾಗ ಮೇಡಂ ಇನ್ನೊಂದು ಮಾತು ಸೇರಿಸಿದರು. "ಯಾರಾದ್ರೂ ನೋಡ್ಬೇಕು ಅಂತ ಬಂದ್ರೆ ತೋರಿಸಿ. ಇದು ಜನರ ದುಡ್ಡಲ್ಲಿ ತಂದಿದ್ದು. ಏನು ಅಂತ ಅವರಿಗೂ ಗೊತ್ತಾಗ್ಲಿ." ತೋರಿಸುವುದಕ್ಕೆ ಏನಿತ್ತು, ಮುಚ್ಚಿದ ಪೆಟ್ಟಿಗೆ ಅಷ್ಟೆ ಎಂದು ನಾನು ಒಳಗೊಳಗೇ ನಕ್ಕೆ. ನಮ್ಮ ಜನದ ವಿಷಯ ಅವರಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಸಂತೆ. ಹಿಮಾಲಯದ ಮಂಜು ಬಂದಿದೆ ಎಂಬ ಸುದ್ದಿ ಬೆಳಗಾಗುವುದರಲ್ಲಿ ಊರೆಲ್ಲ ಹಬ್ಬಿತ್ತು. ತರಕಾರಿ ಮಾರಲು ಬಂದವರು, ಕೊಳ್ಳಲು ಬಂದವರು, ಬಸ್ಸಿಗೆ ಕಾದವರು, ಎಲ್ಲ ಫ್ಯಾಕ್ಟರಿಯ ಮುಂದೆ ಸಾಲುಗಟ್ಟಿದರು. ಒಬ್ಬ ಮುದುಕಿ ಚೊಂಬು ಹಿಡಿದುಕೊಂಡೇ ಬಂದಿದ್ದಳಂತೆ, ಗಂಗಮ್ಮನ ತೀರ್ಥ ಒಂದು ಗುಟುಕು ಸಿಗುತ್ತದೇನೋ ಎಂದು. "ಬಿತ್ತನೆ ಬೀಜಕ್ಕೆ ಕೈ ಹಾಕ್ತಾರಾ ಅಜ್ಜೀ?" ಎಂದು ಮಾವ ಅವಳನ್ನು ಗದರಿ ಕಳಿಸಿದರು. ಆದರೆ ನೋಡಲು ಬಂದ ಒಬ್ಬರಿಗೂ ಇಲ್ಲವೆನ್ನಲಿಲ್ಲ. ಪ್ರತಿಯೊಬ್ಬರಿಗೂ ಕತ್ತಲೆ ಕೋಣೆಯ ಬಾಗಿಲು ತೆರೆದರು, ಲಾಂದ್ರ ಹಿಡಿದರು, ಮೇಡಂ ಹೇಳಿದ್ದನ್ನೆಲ್ಲ ತಮ್ಮ ಒಗ್ಗರಣೆ ಸೇರಿಸಿ ಹೇಳಿದರು. ಅವರು ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ಮದುವೆಯಾದಾಗಿನಿಂದ ಕಂಡಿರಲಿಲ್ಲ ಎಂದು ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಆಮೇಲೆ ಹೇಳಿದರು.

ಬಾಗಿಲು ತೆರೆದೂ ತೆರೆದೂ ಬೇಸಿಗೆಯ ಗಾಳಿ ಒಳಗೆ ನುಗ್ಗಿತು. ಸುತ್ತ ಪೇರಿಸಿದ ಐಸು ಸೋರತೊಡಗಿತು. ಮಧ್ಯಾಹ್ನ ಯಾರಿಗೋ ಥರ್ಮಾಮೀಟರ್ ತೋರಿಸಲು ಬಗ್ಗಿದ ಮಾವ ಲಾಂದ್ರವನ್ನು ಇನ್ನೂ ಹತ್ತಿರ ಹಿಡಿದರು. ಪಾದರಸ ಕೆಂಪು ಗೆರೆ ದಾಟಿತ್ತು.

ಐಸಿನ ಕಸುಬಿನವರಿಗೆ ಇಂಥ ಹೊತ್ತಿನಲ್ಲಿ ಕೈ ತಾನಾಗಿ ಹೋಗುವುದು ಒಂದೇ ಕಡೆಗೆ. ಐಸನ್ನು ಗೋಣಿಚೀಲದಲ್ಲಿ ಹಾಕಿ ಕುಟ್ಟಿ ಪುಡಿ ಮಾಡು, ಕಲ್ಲುಪ್ಪು ಬೆರೆಸು, ಸುತ್ತ ತುಂಬು. ಉಪ್ಪು ಬೆರೆತ ಐಸು ಇನ್ನೂ ತಣ್ಣಗಾಗುತ್ತದೆ. ಐಸ್ ಕ್ಯಾಂಡಿ ಗಾಡಿಯವನೂ ಇದನ್ನೇ ಮಾಡುತ್ತಾನೆ, ಮೀನಿನ ಲಾರಿಯವನೂ ಇದನ್ನೇ ಮಾಡುತ್ತಾನೆ. ಮಾವ ಜನರನ್ನೆಲ್ಲ ಆಚೆ ಅಟ್ಟಿ, ಬಾಗಿಲು ಹಾಕಿ, ಪೆಟ್ಟಿಗೆಯ ಮುಚ್ಚಳ ತೆಗೆದು, ದಿಂಡುಗಳ ಸಂದುಗೊಂದಿಗೆಲ್ಲ ಉಪ್ಪು ಬೆರೆಸಿದ ಐಸ್ ಪುಡಿ ತುಂಬಿಬಿಟ್ಟರು.

ಸಂಜೆ ಕೆಲಸ ಮುಗಿಸಿ ಹೊಸಕೋಟೆಯಲ್ಲಿ ಇಳಿದವಳಿಗೆ ಮಾವನೇ ಎದುರು ಬಂದು ಹೇಳಿದರು. ಹೆದರಿಕೆಯಿಂದಲ್ಲ, ಗೆದ್ದವರ ಹಾಗೆ. "ಕರಗೋಗ್ತಿತ್ತು ಕಣವ್ವಾ. ನಾನು ನೋಡ್ದೆ ಅಂತ ಉಳ್ಕೊಳ್ತು. ಒಂದು ಮೂಟೆ ಉಪ್ಪು ಸುರಿದ್ಬಿಟ್ಟೆ ನೋಡು!"

"ಮಾವಾ, ಅವರು ಆ ಮಂಜಲ್ಲಿ ಹುಡುಕ್ತಿರೋದೇ ಉಪ್ಪು! ಯಾವ ವರ್ಷದ ಗಾಳಿ ಸಮುದ್ರದಿಂದ ಎಷ್ಟು ಉಪ್ಪು ತಂತು ಅಂತ. ಎಳ್ಳಿನ ಕಾಳಷ್ಟೂ ಇರಲ್ಲ ಅದು. ನೀವು ಮೂಟೆ ಸುರಿದಿದೀರಾ?" ಎಂದು ಕಿರುಚಿದೆ. ಹಿರಿಯರೆನ್ನುವುದನ್ನೂ ನೋಡದೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮಾವ ಮೊದಲು, "ಹಂಗಾದ್ರೆ ಕರಗೋಗ್ಲಿ ಅಂತ ಬಿಟ್ಬಿಡ್ಬೇಕಿತ್ತಾ?" ಎಂದು ಗುಡುಗಿದರು. ಆಮೇಲೆ ಹೋಗಿ ಹೊಟ್ಟಿನ ರಾಶಿಯ ಮೇಲೆ ಕುಳಿತುಬಿಟ್ಟರು.

ಮರುದಿನ ಬೆಳಿಗ್ಗೆಯೇ ಮೇಡಂ ಅವರನ್ನು ಕರೆದುಕೊಂಡು ಬಂದೆ. ಪೆಟ್ಟಿಗೆ ತೆಗೆದು ಒಂದೊಂದೇ ದಿಂಡು ಎತ್ತಿ ಬಟ್ಟೆಯಿಂದ ಒರೆಸಿ ನೋಡಿದರು. ಪ್ರತಿಯೊಂದೂ ಪ್ಲಾಸ್ಟಿಕ್ ಚೀಲದಲ್ಲಿತ್ತು, ಬಾಯಿಗೆ ಗಂಟು ಹಾಕಿತ್ತು. ಎಲ್ಲವೂ ಕಲ್ಲಿನಂತೆ ಗಟ್ಟಿಯಾಗಿದ್ದವು. ಒಂದರ ಗಂಟು ಮಾತ್ರ ಸಡಿಲವಾಗಿ ಒಳಗೆ ಉಪ್ಪುನೀರು ನುಗ್ಗಿತ್ತು. ಅದನ್ನು ಮೇಡಂ ಪಕ್ಕಕ್ಕಿಟ್ಟರು.

"ಉಳಿದವು?" ಎಂದೆ.

"ನೋಡೋಕೆ ಚೆನ್ನಾಗಿವೆ. ಗಂಟಿನ ಸಂದಿಯಿಂದ ಒಂದು ಹನಿ ಹೋಗಿದ್ರೂ ಕಣ್ಣಿಗೆ ಕಾಣಲ್ಲ. ಪರೀಕ್ಷೆ ಮಾಡ್ಬೇಕು. ನಮ್ಮ ಕೋಣೆ ರಿಪೇರಿ ಆಗೋವರೆಗೂ ಆಗಲ್ಲ."

ಅಷ್ಟು ಹೊತ್ತಿಗೆ ಅಂಗಳದಲ್ಲಿ ಮತ್ತೆ ಜನ. ಹಿಂದಿನ ದಿನ ಅಟ್ಟಿಸಿಕೊಂಡವರೂ ಇದ್ದರು. ನಾನು ಓಡಿಸಲು ಹೊರಟೆ. ಮೇಡಂ ನನ್ನ ತೋಳು ಹಿಡಿದರು. ಕೆಟ್ಟ ದಿಂಡನ್ನು ಹೊರಗೆ ತಂದು, ಗರಗಸದಿಂದ ತುಂಡು ಮಾಡಿ, ಅತ್ತೆಯಿಂದ ಚೊಂಬು, ಲೋಟ ತರಿಸಿ ನೀರಿನಲ್ಲಿ ಒಂದೊಂದು ಚೂರು ಹಾಕಿದರು. "ಕಿವಿ ಇಟ್ಟು ಕೇಳಿ" ಎಂದರು.

ಚಿಟಿಚಿಟಿ ಎಂದು ಸದ್ದು. ಒಗ್ಗರಣೆಗೆ ಹಾಕಿದ ಸಾಸಿವೆ ದೂರದಲ್ಲೆಲ್ಲೋ ಸಿಡಿದಂತೆ. ಮಂಜು ಕರಗಿದಂತೆ ಒಳಗಿನ ಗುಳ್ಳೆಗಳು ಒಡೆಯುತ್ತಿವೆ ಎಂದು ಮೇಡಂ ಹೇಳಿದರು. "ಇದರೊಳಗಿನ ಗಾಳಿ ಇವತ್ತಿಂದಲ್ಲ. ನಿಮ್ಮ ತಾತ ಮುತ್ತಾತಂದಿರು ಉಸಿರಾಡ್ತಿದ್ದ ಕಾಲದ್ದು ಇರಬಹುದು. ಸರಿಯಾಗಿ ಯಾವಾಗಿಂದು ಅಂತ ಕಂಡುಹಿಡಿಯೋದೇ ನಮ್ಮ ಕೆಲಸ."

ಗಲಾಟೆ ಮಾಡುತ್ತಿದ್ದ ಜನ ತೆಪ್ಪಗಾದರು. ಚೊಂಬು ಕೈಯಿಂದ ಕೈಗೆ, ಕಿವಿಯಿಂದ ಕಿವಿಗೆ ಹೋಯಿತು. ಒಬ್ಬ ಹಿರಿಯರು ಮೂಗನ್ನೇ ಚೊಂಬಿನೊಳಗೆ ತೂರಿಸಿ, "ನಮ್ ತಾತನ ಕಾಲದ ಗಾಳಿ ಅಂತೀರಾ? ಹೊಗೆಸೊಪ್ಪಿನ ವಾಸ್ನೆ ಬರ್ತಿಲ್ವಲ್ಲಮ್ಮಾ!" ಎಂದರು. ಮೇಡಂ ಜೋರಾಗಿ ನಕ್ಕರು. ಆ ಎರಡು ದಿನದಲ್ಲಿ ಅವರು ನಕ್ಕದ್ದು ಅದೇ ಮೊದಲು. ಮಾವ ಮಾತ್ರ ಚೊಂಬು ಹತ್ತಿರ ಬಂದಾಗ ಮುಖ ತಿರುಗಿಸಿಕೊಂಡು ಎದ್ದುಹೋದರು.

ಅವತ್ತಿನಿಂದ ಮಾವ ಉಪ್ಪು ಬಿಟ್ಟರು. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತು, "ನಂಗೆ ಉಪ್ಪಾಕ್ದೆ ತೆಗೆದಿಡು" ಎಂದರಂತೆ, ಅಷ್ಟೆ. ನಮ್ಮ ಕಡೆ ಮನೆಯಲ್ಲಿ ಕಾಯಿಲೆಯಾದರೆ, ದನ ಕಳೆದುಹೋದರೆ ಹೀಗೆ ಹರಕೆ ಹೊತ್ತು ಬಾಯಿ ಕಟ್ಟುವುದುಂಟು. ಮಂಜಿಗೋಸ್ಕರ ಹರಕೆ ಹೊತ್ತವರು ಇವರೊಬ್ಬರೇ ಇರಬೇಕು. ಪರೀಕ್ಷೆಯಲ್ಲಿ ಉಪ್ಪಿಲ್ಲ ಎಂದು ಬರುವವರೆಗೂ ತನ್ನ ಬಾಯಿಗೂ ಉಪ್ಪಿಲ್ಲ.

ಶೀತಲ ಕೋಣೆ ರಿಪೇರಿಯಾಗಿ ಪೆಟ್ಟಿಗೆ ಬೆಂಗಳೂರಿಗೆ ಹೋಯಿತು. ಅಲ್ಲಿಯವರೆಗೆ ಮಾವ ಕತ್ತಲೆ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಮಂಚ ಹಾಕಿಕೊಂಡು ಕೂತಿದ್ದರು. ಬಾಗಿಲು ತೆರೆದದ್ದು ಐಸು ಬದಲಾಯಿಸಲು ಮಾತ್ರ. ಪೆಟ್ಟಿಗೆ ಹೋದ ಮೇಲೂ ಹರಕೆ ಬಿಡಲಿಲ್ಲ. ನಾನು ಸಂಜೆ ಬಸ್ಸಿಳಿಯುತ್ತಿದ್ದಂತೆ ಅತ್ತೆ ಹಿಡಿದುಕೊಳ್ಳುತ್ತಿದ್ದರು. "ಏನಾಯ್ತೇ? ನಿಮ್ಮ ಮೇಡಂ ಏನಂದ್ರು? ದಿನಾ ಎರಡೆರಡು ಥರ ಸಾರು ಮಾಡಿ ನಂಗೆ ಸಾಕಾಗೋಯ್ತು. ಸಪ್ಪೆ ಮುದ್ದೆ ನುಂಗಿ ನುಂಗಿ ಆ ಮನುಷ್ಯ ಕರಗೋಗ್ತವ್ರೆ."

ನನಗೂ ಏನೂ ಗೊತ್ತಿರಲಿಲ್ಲ. ಮೇಡಂ ಪರೀಕ್ಷೆಯ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕೆಲಸ ಮಾಡುತ್ತಿದ್ದರು. ಕೇಳಿದರೆ, "ಇನ್ನೊಂದ್ಸಲ ಮಾಡಿ ನೋಡ್ಬೇಕು" ಎನ್ನುತ್ತಿದ್ದರು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಮಾವನಿಗೆ ಅಂದ ಮಾತುಗಳು ನನ್ನನ್ನೇ ಚುಚ್ಚುತ್ತಿದ್ದವು. ಅವರು ಕಾಣದಿರಲೆಂದು ಕೆಲವು ದಿನ ಬಸ್ ಸ್ಟ್ಯಾಂಡಿನಿಂದ ಹಿಂದಿನ ಬೀದಿ ಹಿಡಿದು ಹೋಗಿದ್ದೂ ಉಂಟು.

ಒಂದು ಶನಿವಾರ ಮಧ್ಯಾಹ್ನ ನಾನು ಬಸ್ಸಿಗೆ ಹೊರಟಾಗ ಮೇಡಂ ಚೀಲ ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಬಂದು ನಿಂತರು. "ನಾನೂ ಬರ್ತೀನಿ" ಎಂದರು. ಏನು ಫಲಿತಾಂಶ ಎಂದು ಕೇಳಿದೆ. "ಅವರಿಗೆ ಮೊದಲು ಹೇಳ್ಬೇಕು. ಆಮೇಲೆ ನಿನಗೆ." ಹೊಸಕೋಟೆಯವರೆಗೂ ಕಿಟಕಿಯಾಚೆ ನೋಡುತ್ತಾ ಕುಳಿತರು. ನಾನು ನನ್ನ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದೆ.

ಮಾವ ಸೊರಗಿದ್ದರು. ಮೇಡಂ ಅವರನ್ನು ಕಂಡು ಎದ್ದು ನಿಂತರೇ ಹೊರತು ಬನ್ನಿ ಎನ್ನುವುದನ್ನೂ ಮರೆತರು. ಮೇಡಂ ಜಗುಲಿಯ ಮೇಲೆ ಎರಡು ಗಾಜಿನ ನಳಿಕೆ ಇಟ್ಟು, ಎರಡು ಸೀಸೆಗಳಿಂದ ನೀರು ಬಗ್ಗಿಸಿದರು. ಎರಡೂ ತಿಳಿಯಾಗಿದ್ದವು. ಚೀಲದಿಂದ ಒಂದು ಕಂದು ಬಣ್ಣದ ಪುಟ್ಟ ಸೀಸೆ ತೆಗೆದರು. "ಇದು ಉಪ್ಪು ಪತ್ತೆ ಹಚ್ಚೋ ಔಷಧಿ. ನೀರಲ್ಲಿ ಉಪ್ಪಿದ್ರೆ ಬೆಳ್ಳಗಾಗುತ್ತೆ. ಇಲ್ಲದಿದ್ರೆ ಹಾಗೇ ಇರುತ್ತೆ. ಮಂಜಲ್ಲಿ ಮೊದಲಿಂದಲೇ ಇರೋ ಉಪ್ಪು ಇದಕ್ಕೆ ಸಿಗದಷ್ಟು ಕಮ್ಮಿ. ಸಂಸ್ಥೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಮಾಡೇ ಬಂದಿದೀನಿ. ಇದು ನಿಮ್ಮ ಕಣ್ಣಿಗೆ ಕಾಣ್ಲಿ ಅಂತ."

ಮೊದಲ ನಳಿಕೆಗೆ ಒಂದು ಹನಿ. ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಮಾವನ ಮುಖವೂ.

"ಹೆದರ್ಬೇಡಿ. ಇದು ಗಂಟು ಬಿಚ್ಚಿದ ಚೀಲದ್ದು, ಅವತ್ತೇ ಕೆಟ್ಟಿದ್ದು. ಈಗ ಇದನ್ನ ನೋಡಿ. ಉಳಿದ ದಿಂಡುಗಳ ಮೇಲ್ಮೈಯನ್ನೆಲ್ಲ ಹೆರೆದು ಕರಗಿಸಿದ ನೀರು."

ಎರಡನೆಯದಕ್ಕೆ ಹನಿ ಬಿತ್ತು. ನೀರು ಹಾಗೆಯೇ ಇತ್ತು. ಮಾವ ಬಗ್ಗಿ ನೋಡಿದರು. ನಳಿಕೆ ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದರು. "ಇನ್ನೊಂದು ಹನಿ ಹಾಕಿ ಅಮ್ಮಾ" ಎಂದರು. ಮೇಡಂ ಹಾಕಿದರು. ಏನೂ ಆಗಲಿಲ್ಲ. "ಇನ್ನೊಂದು" ಎಂದರು. ಮತ್ತೂ ಏನೂ ಆಗಲಿಲ್ಲ. ಆಗ ಮಾವ ಟವೆಲ್‌ನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನು ಕಂಬಕ್ಕೆ ಒರಗಿದೆ. ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ತಿಳಿಯಲಿಲ್ಲ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಹಂಗಾದ್ರೆ ಸಾರಿಗೆ ಉಪ್ಪಾಕ್ಲೋ ಬೇಡ್ವೋ? ಅದೊಂದು ಹೇಳ್ಬಿಡಿ ಮೊದ್ಲು."

ಮುದ್ದೆ, ಉಪ್ಸಾರು, ಕಾರ. ಮಾವ ಬಾಯಿಗೆ ಮೊದಲ ತುತ್ತು ಇಟ್ಟು ಕಣ್ಣು ಮುಚ್ಚಿದರು. ಆಮೇಲೆ ಬಡಿಸಿದ್ದನ್ನೆಲ್ಲ ತಿಂದರು. ಎರಡನೇ ಮುದ್ದೆಯ ನಡುವೆ ಏನೋ ನೆನಪಾಗಿ ಕೈ ನಿಲ್ಲಿಸಿದರು.

"ಅಮ್ಮಾ, ನಾಳೆ ಯಾರೋ ಬೇರೆ ಊರೋರು ಆ ಮಂಜು ಕೇಳಿದ್ರೆ, ನಾನು ಉಪ್ಪು ಸುರಿದಿದ್ದು ಅವರಿಗೆ ಹೇಳ್ತೀರಾ?"

"ಹೇಳ್ಲೇಬೇಕು" ಎಂದರು ಮೇಡಂ. "ಮುಚ್ಚಿಟ್ರೆ ಅದು ಮೋಸ. ಪ್ರತಿ ದಿಂಡಿಗೂ ಒಂದು ಚೀಟಿ ಕಟ್ತೀವಿ. ಎಲ್ಲಿ ಕೊರೆದಿದ್ದು, ಎಲ್ಲೆಲ್ಲಿ ಇಟ್ಟಿದ್ದು, ಏನೇನಾಯ್ತು ಅಂತ ಅದರಲ್ಲಿ ಇರುತ್ತೆ."

ಮಾವ ತಲೆ ತಗ್ಗಿಸಿದರು. ಮೇಡಂ ಎಡಗೈಯಿಂದ ಚೀಲ ಹತ್ತಿರ ಎಳೆದು ಒಂದು ಚೀಟಿ ತೆಗೆದರು. ಇಂಗ್ಲಿಷಿನಲ್ಲಿ ಬರೆದಿತ್ತು. ಕನ್ನಡ ಮಾಡಿಕೊಂಡು ಓದಿದರು. "ಹೊಸಕೋಟೆಯ ಐಸ್ ಫ್ಯಾಕ್ಟರಿಯಲ್ಲಿ ಇರಿಸಲಾಗಿತ್ತು. ಜನರಿಗೆ ತೋರಿಸಿ ಎಂದು ನಾನೇ ಹೇಳಿದ್ದರಿಂದ ಬಾಗಿಲು ಪದೇಪದೇ ತೆರೆದು ಶಾಖ ಏರಿತು. ಫ್ಯಾಕ್ಟರಿಯ ಯಜಮಾನರು ಪೆಟ್ಟಿಗೆ ತೆರೆದು ಚೀಲಗಳ ಸುತ್ತ ಉಪ್ಪು ಮತ್ತು ಐಸ್ ತುಂಬಿದರು. ಪರೀಕ್ಷಿಸಲಾಗಿದೆ, ಉಪ್ಪು ಒಳಗೆ ಹೋಗಿಲ್ಲ. ಅವರು ಹಾಗೆ ಮಾಡದಿದ್ದರೆ ಈ ಮಂಜು ಉಳಿಯುತ್ತಿರಲಿಲ್ಲ."

ಮಾವ ಎಂಜಲು ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದುಕೊಂಡು, ಅಡುಗೆಮನೆಯ ಕಡೆ ತಿರುಗಿ ಅತ್ತೆಯನ್ನು ಕೂಗಿದರು.

"ಲೇ, ಆ ಪಾತ್ರೆ ಬಿಟ್ಟು ಬಾರೇ ಇಲ್ಲಿ. ಅಮ್ಮಾ, ಆ ಕೊನೇದು ಇನ್ನೊಂದ್ಸಲ ಓದಿ. ಇವಳೂ ಕೇಳ್ಲಿ."